ಮಷಿನ್ನಿಗೆ ಹೇಳಿದ ಹೆಸರು

ನಮ್ಮ ಮನೆಯ ಹಳೆಯ ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಒಂದು ಕರಿಯ ಚೌಕಾಕಾರದ ವಸ್ತು ಇದೆ. ಅಂಗೈಗಿಂತ ತುಸು ಅಗಲ, ಹಪ್ಪಳದಷ್ಟು ತೆಳುವು, ನಡುವೆ ಒಂದು ದುಂಡು ತೂತು. ಮೈಮೇಲೆ ಮೂರು ಬೆರಳಿನ ವಿಭೂತಿ ಒಣಗಿ ಹಾಗೇ ಕೂತಿದೆ. ಮೊನ್ನೆ ದಸರೆಗೆಂದು ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ಮೊಮ್ಮಗಳು ಅದನ್ನು ಎರಡೂ ಕೈಯಲ್ಲಿ ಹಿಡಿದು, "ಅಜ್ಜಿ, ಇದು ಯಾವ ದೇವರು?" ಎಂದು ಕೇಳಿದಳು. ದೇವರಲ್ಲ ಮಗಳೇ, ಹಳೆಯ ಕಂಪ್ಯೂಟರಿನ ಫ್ಲಾಪಿ ಎಂದೆ. ಫ್ಲಾಪಿ ಎಂದರೇನು ಎಂದು ಹೇಳಲು ಹೊರಟು, ಅದರ ಮೇಲೆ ವಿಭೂತಿ ಯಾಕೆ ಎಂಬಲ್ಲಿಗೆ ಬಂದು, ಅಲ್ಲಿಂದ ನನ್ನ ಬಾಣಂತನಕ್ಕೆ ಹೋಗಿ, ಒಲೆಯ ಮೇಲಿನ ಹಾಲು ಉಕ್ಕಿಸಿದೆ. ನನ್ನ ಮಾತು ಯಾವತ್ತೂ ಹೀಗೇ. ಹತ್ತುವ ಬಸ್ಸು ಒಂದೂರಿನದು, ಇಳಿಯುವುದು ಇನ್ನೊಂದೂರಲ್ಲಿ. ನೀವೂ ಹಾಲು ಇಟ್ಟಿದ್ದರೆ ಇಳಿಸಿ ಬಂದು ಕೂಡಿ.

ಈಗ ಪಾಸ್‌ವರ್ಡು ಎಂದರೆ ಯಾರಿಗೂ ಭಯವಿಲ್ಲ. ಮರೆತರೆ 'ಮರೆತಿರಾ?' ಎಂದು ಫೋನೇ ಮರ್ಯಾದೆಯಿಂದ ಕೇಳುತ್ತದೆ. ನಮ್ಮ ಕಾಲದ ಮಷಿನ್ನಿಗೆ ಆ ಮರ್ಯಾದೆ ಇರಲಿಲ್ಲ. ಕೇಳಿದ್ದನ್ನು ಹೇಳಿದರೆ ಬಾಗಿಲು ತೆರೆಯುತ್ತಿತ್ತು, ಇಲ್ಲವೆಂದರೆ ಕರಿಯ ಪರದೆಯ ಮೇಲೆ ಒಂದು ಹಸಿರು ಚುಕ್ಕಿ ಮಿಣಮಿಣ ಮಾಡುತ್ತ ಕೂಡುತ್ತಿತ್ತು. ಆ ಚುಕ್ಕಿಯ ದೆಸೆಯಿಂದ ನಾನು ಒಂದು ಮಧ್ಯಾಹ್ನವಿಡೀ ಹಸಿ ಬಾಣಂತಿಯಾಗಿ ನಡುಗಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಮದುವೆಯಾಗಿ ಕುಷ್ಟಗಿಗೆ ಬಂದಿದ್ದೆ. ಊರ ಹೊರಗೆ ಒಂದು ಬೀಜದ ಕಂಪನಿ ಇತ್ತು. ಜೋಳ, ಸೂರ್ಯಕಾಂತಿಗಳ ಬೀಜವನ್ನು ರೈತರಿಂದ ಬೆಳೆಸಿ, ಮೊಳಕೆ ಪರೀಕ್ಷೆ ಮಾಡಿ, ಚೀಲ ಹೊಲಿದು ಮಾರುವ ಕಂಪನಿ. ಅದರ ಮಾಲಕರು ಹುಬ್ಬಳ್ಳಿಗೆ ಹೋದವರು ಒಂದು ಕಂಪ್ಯೂಟರು ಕಂಡು ಮನಸ್ಸು ಸೋತು ತಂದುಬಿಟ್ಟರು. ತಂದ ಮೇಲೆ ಅದನ್ನು ಒತ್ತುವವರು ಬೇಕಲ್ಲ. ನನಗೆ ಟೈಪಿಂಗ್ ಬರುತ್ತದೆ ಎಂಬ ಸುದ್ದಿ ನಮ್ಮ ಮಾವನವರ ಮುಖಾಂತರ ಅವರ ಕಿವಿಗೆ ಬಿತ್ತು. ಸರ್ಟಿಫಿಕೇಟು ತೋರಿಸು ಎಂದು ಯಾರೂ ಕೇಳಲಿಲ್ಲ. ಇಂಥವರ ಸೊಸೆ ಎಂದರೆ ಸಾಕಿತ್ತು.

ಮಷಿನ್ನಿಗೆ ಒಂದು ಕೋಣೆ, ಕೋಣೆಗೆ ದಪ್ಪ ಪರದೆ, ಪರದೆಯ ಹಿಂದೆ ತಂಪು ಗಾಳಿ. ಚಪ್ಪಲಿ ಹೊರಗೆ. ಗೋದಾಮಿನ ಹಮಾಲರು ಬಾಗಿಲಲ್ಲಿ ನಿಂತು ಕೈಮುಗಿದು ಹೋಗುತ್ತಿದ್ದರು. ನಾನು ಒಳಗೆ ಹೋಗಿ ಕೂಡುವಾಗ ನನಗೂ ಕೊಂಚ ಪೂಜಾರಿಯ ಠೀವಿ ಬರುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮೇ ತಿಂಗಳಲ್ಲಿ ಇಡೀ ಕುಷ್ಟಗಿ ಬೇಯುತ್ತಿರುವಾಗ ನಾನೊಬ್ಬಳು ಸೆರಗು ಹೊದ್ದು ಕೂತಿರುತ್ತಿದ್ದೆ.

ಅತ್ತೆಯವರು ಈ ನೌಕರಿಗೆ ಒಪ್ಪಿದ್ದು ಸುಲಭಕ್ಕಲ್ಲ. "ಮಂದಿ ನಾಲಿಗಿ ನಾ ಕಾಯ್ತೀನಿ, ನಿನ್ನ ನಡತಿ ನೀ ಕಾಯಿ" ಎಂದು ಒಂದೇ ಮಾತು ಹೇಳಿ ಕಳಿಸಿದ್ದರು. ಎತ್ತರದ, ಮಾತು ಕಡಿಮೆಯ ಹೆಂಗಸು. ಅವರು ಸಿಟ್ಟಾದರೆ ಬೈಯುತ್ತಿರಲಿಲ್ಲ, ಸುಮ್ಮನಾಗುತ್ತಿದ್ದರು. ಆ ಮೌನಕ್ಕೆ ಮನೆಯ ಎತ್ತುಗಳೂ ಹೆದರುತ್ತಿದ್ದವು ಎಂದರೆ ನೀವು ನಗಬಹುದು, ನಾನಂತೂ ನಕ್ಕಿರಲಿಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಹಲವು ಮನೆತನಗಳಲ್ಲಿ ಸೊಸೆ ಬಂದಾಗ ಹೆಸರು ಬದಲಿಸುವ ಪದ್ಧತಿ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರು ಬರೆಸುತ್ತಾರೆ. ನಾನು ತವರಲ್ಲಿ ಚಂಪಾ. ಆ ತಾಟಿನಿಂದ ಎದ್ದಾಗ ಶರಣಮ್ಮ. ಹೆಸರು ಆರಿಸಿದ್ದು ಅತ್ತೆಯವರು. "ಹಳೇದು ತವರಿನ ತೊಟ್ಟಿಲದಾಗ ಉಳೀತು ಅಂತ ತಿಳಿ" ಎಂದಿದ್ದರು. ಶರಣಮ್ಮ ಒಳ್ಳೆಯ ಹೆಸರೇ. ಆದರೆ ಮೊದಮೊದಲು ಯಾರಾದರೂ ಶರಣಮ್ಮಾ ಎಂದು ಕೂಗಿದರೆ, ಆಕೆ ಯಾಕೆ ಓಗೊಡುತ್ತಿಲ್ಲ ಎಂದು ನಾನೂ ಸುತ್ತ ನೋಡುತ್ತಿದ್ದೆ. ದಡ್ಡಿ ಎಂಬ ಬಿರುದು ಬಂದದ್ದು ಹಾಗೆ. ರೂಢಿಯಾಗಲು ವರ್ಷ ಹಿಡಿಯಿತು. ರೂಢಿಯಾಯಿತಲ್ಲ ಎಂದು ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಅತ್ತದ್ದೂ ಉಂಟು.

ಇನ್ನು ಮಷಿನ್ನಿನ ಕಡೆ ಬರೋಣ. ಕಂಪನಿಯ ಹೆಡ್ ಕ್ಲಾರ್ಕು ಗುರುಪಾದಪ್ಪನವರು. ವಯಸ್ಸಾದವರು, ಹಣೆತುಂಬ ವಿಭೂತಿ, ಯಾವ ಕೆಲಸಕ್ಕೂ ಮೊದಲು ಶಿವನಾಮ. ಅವರು ಒಮ್ಮೆ ಯಾವುದೋ ಗುಂಡಿ ಒತ್ತಿ ಮೊಳಕೆ ಪರೀಕ್ಷೆಯ ಫೈಲನ್ನು ಅಳಿಸಿಬಿಟ್ಟರು. ಮಾಲಕರು ಕೆಂಡವಾದರು. ಹುಬ್ಬಳ್ಳಿಯಿಂದ ಮಷಿನ್ ಕೊಟ್ಟವನೇ ಬಂದು ಒಂದು ಫ್ಲಾಪಿ ಹಾಕಿದ. ಅದರಲ್ಲಿ ಕಳೆದದ್ದನ್ನು ಹುಡುಕಿ ತರುವ ಒಂದು ಪ್ರೋಗ್ರಾಮು ಇತ್ತು. ಫೈಲು ಅಳಿದರೂ ಪೂರ್ತಿ ಅಳಿದಿರುವುದಿಲ್ಲವಂತೆ. ಮಷಿನ್ನು ಅದರ ಹೆಸರಿನ ಮೊದಲ ಅಕ್ಷರವನ್ನಷ್ಟೇ ಅಳಿಸಿ, ಇದು ಇಲ್ಲ ಎಂದು ತಿಳಿದುಕೊಂಡು ಸುಮ್ಮನಿರುತ್ತದಂತೆ. ಪರದೆಯ ಮೇಲೆ ಹೆಸರು ಬಂತು, ಮೊದಲ ಅಕ್ಷರದ ಜಾಗದಲ್ಲಿ ಪ್ರಶ್ನೆಯ ಗುರುತು. "ಇದರ ಮೊದಲ ಅಕ್ಷರ ಯಾವುದ್ರಿ?" ಎಂದು ಆತ ಕೇಳಿದ. ನಾನು ಹೇಳಿದೆ. ಒತ್ತಿದ. ಅಳಿದದ್ದೆಲ್ಲ ಸಾಲುಸಾಲಾಗಿ ಎದ್ದು ಬಂತು. ನನ್ನ ಮೈ ಜುಂ ಎಂದಿತು.

ಅದೇ ಫ್ಲಾಪಿಯಲ್ಲಿ ಕೀಲಿ ಹಾಕುವ ಪ್ರೋಗ್ರಾಮೂ ಇತ್ತು. ಇನ್ನು ಮುಂದೆ ಕಂಡವರು ಕಂಡದ್ದು ಒತ್ತಬಾರದು, ಶರಣಮ್ಮನ ಕೈಯಲ್ಲೇ ಕೀಲಿ ಇರಲಿ ಎಂದು ಮಾಲಕರ ಅಪ್ಪಣೆಯಾಯಿತು. ಹುಬ್ಬಳ್ಳಿಯವನು ಎದ್ದು ನಿಂತು, "ಇಲ್ಲಿ ಯಾರೂ ಊಹಿಸಲಾರದ್ದು ಒಂದು ಒತ್ತ್ರಿ. ಗಂಡನ ಹೆಸರು, ದೇವರ ಹೆಸರು ಬ್ಯಾಡ, ಅವನ್ನ ಎಲ್ಲಾರೂ ಮೊದಲ ನೋಡತಾರ" ಎಂದು ಹೇಳಿ ಗೋಡೆಯ ಕಡೆ ಮುಖ ಮಾಡಿದ. ನಾನು ಯೋಚಿಸಲಿಲ್ಲ. ಬೆರಳು ತಾವೇ ಒತ್ತಿದವು. ಚಂಪಾ. ಒತ್ತಿದ ಅಕ್ಷರ ಪರದೆಯ ಮೇಲೆ ಕಾಣುವುದಿಲ್ಲ ಎಂಬುದು ನನಗೆ ಇನ್ನೂ ಇಷ್ಟವಾಯಿತು.

ಆಮೇಲೆ ದಿನಾ ಬೆಳಿಗ್ಗೆ ಚಪ್ಪಲಿ ಬಿಟ್ಟು, ಪರದೆ ಎಳೆದು, ಮೊದಲು ಮಾಡುವ ಕೆಲಸ ಅದೇ. ನೀನು ಯಾರು ಎಂದು ಮಷಿನ್ನು ಕೇಳುತ್ತದೆ. ನಾನು ಚಂಪಾ ಎನ್ನುತ್ತೇನೆ. ಬಾ ಎನ್ನುತ್ತದೆ. ಇದರಲ್ಲಿ ಏನಿದೆ ಎಂದು ಗಂಡಸರು ಕೇಳಬಹುದು. ಅವರ ಹೆಸರು ಯಾರೂ ಬದಲಿಸಿಲ್ಲ, ಅವರಿಗೆ ತಿಳಿಯದಿದ್ದರೆ ಅದು ಅವರ ಪಾಡು.

ಹೊಟ್ಟೆಯಲ್ಲಿ ಕೂಸು ಬಂತು. ರಜೆಗೆ ಹೋಗುವ ಮೊದಲು ಕೀಲಿಯನ್ನು ಗುರುಪಾದಪ್ಪನವರಿಗೆ ಒಪ್ಪಿಸಬೇಕಲ್ಲ. ಹೆಸರು ಹೇಳಲು ಬಾಯಿ ಬರಲಿಲ್ಲ. ಕಂಪನಿಯಲ್ಲಿ ಹೇಳಿದ್ದು ಊಟದ ಹೊತ್ತಿಗೆ ನಮ್ಮ ಮನೆಯ ಕಟ್ಟೆಗೆ ಬಂದಿರುತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿದೆ. ಪಾಸ್‌ವರ್ಡು ಮರೆತರೆ ಕೀಲಿ ಬಿಚ್ಚುವ ಒಂದು ಆಪತ್ಕಾಲದ ಫ್ಲಾಪಿಯನ್ನು ಆ ಪ್ರೋಗ್ರಾಮೇ ಮಾಡಿಕೊಡುತ್ತಿತ್ತು. ಅದನ್ನು ಮಾಡಿ ಅವರ ಕೈಗಿಟ್ಟು, ಜೋಪಾನ, ಇದೇ ನಿಮ್ಮ ಕೀಲಿ ಎಂದು ಹೇಳಿ ತವರಿಗೆ ಹೋದೆ.

ಗುರುಪಾದಪ್ಪನವರು ಜೋಪಾನ ಮಾಡಿದ್ದು ಹೇಗೆ ಎಂದರೆ, ದೇವರ ಫೋಟೋದ ಹಿಂದೆ ಇಟ್ಟರು. ಅಲ್ಲಿಗೆ ಸರಿ. ಆದರೆ ಮಹಾನವಮಿ ಬಂತು. ಆಯುಧಗಳಿಗೆ ಖಂಡೇ ಪೂಜೆ ಮಾಡುವ ದಿನ ತಕ್ಕಡಿ, ಚೀಲ ಹೊಲಿಯುವ ಮಷಿನ್, ಜೀಪು, ಕಂಪ್ಯೂಟರು ಎಲ್ಲಕ್ಕೂ ವಿಭೂತಿ, ಕುಂಕುಮ. ಎಲ್ಲಕ್ಕಿಂತ ದೊಡ್ಡ ಆಯುಧ ಈ ಕೀಲಿ ಎಂದು ಅವರಿಗೆ ಅನ್ನಿಸಿತು. ಕಾಗದದ ಕವರಿನ ಮೇಲೆ ಹಚ್ಚಿದರೆ ಅದಕ್ಕೆ ಮುಟ್ಟಲಿಕ್ಕಿಲ್ಲವೆಂದು ಕವರು ತೆಗೆದು, ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳು ಬಳಿದು ಎಳೆದರು. ಫ್ಲಾಪಿಯ ಮೈಯಲ್ಲಿ ಉದ್ದನೆಯ ಒಂದು ಕಿಂಡಿ ಇರುತ್ತದೆ, ಮಷಿನ್ನು ಓದುವುದು ಅದರ ಮುಖಾಂತರ. ವಿಭೂತಿ ಸರಿಯಾಗಿ ಅದರ ಮೇಲೇ ಕೂತಿತು.

ಹಬ್ಬ ಮುಗಿದ ಮೇಲೆ ಮಷಿನ್ ಹಚ್ಚಿದರೆ ಹಸಿರು ಚುಕ್ಕಿ. ಫ್ಲಾಪಿ ಹಾಕಿದರೆ ಕರಕರ ಸದ್ದು. ಅದು ಹಿಂಗಾರಿ ಬಿತ್ತನೆಯ ಹೊತ್ತು. ಯಾವ ಲಾಟಿನ ಬೀಜ ಮೊಳೆತಿದೆ, ಯಾವುದು ಕೈಕೊಟ್ಟಿದೆ ಎಂಬುದೆಲ್ಲ ಮಷಿನ್ನಿನ ಹೊಟ್ಟೆಯಲ್ಲಿ. ಎರಡೆರಡು ಕಡೆ ಬರೆಯುವುದು ಬೇಡ ಎಂದು ಕಾಗದದ ಲೆಕ್ಕವನ್ನು ಮಾಲಕರೇ ನಿಲ್ಲಿಸಿದ್ದರು. ಮತ್ತೆ ಮೊಳಕೆ ಕಟ್ಟಿ ನೋಡುವಷ್ಟರಲ್ಲಿ ಹೊಲದ ಹದ ಆರಿಹೋಗುತ್ತದೆ. ಹುಬ್ಬಳ್ಳಿಗೆ ಟ್ರಂಕ್ ಕಾಲ್ ಮಾಡಿದರೆ, ಪಾಸ್‌ವರ್ಡು ಇಲ್ಲವೆಂದರೆ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದೊಂದೇ ದಾರಿ ಎಂದನಂತೆ. ಲಾರಿಗಳು ಗೇಟಿನಲ್ಲಿ ನಿಂತಿದ್ದವು.

ಇದೇನೂ ನನಗೆ ಗೊತ್ತಿಲ್ಲ. ನಾನು ಮಂಗಳೂರಲ್ಲಿದ್ದೆ. ಕಡಲು, ಮೀನು ಎಂದು ಕನಸು ಕಾಣಬೇಡಿ, ಇದು ನಮ್ಮ ಯಲಬುರ್ಗಾ ಕಡೆಯ ಮಂಗಳೂರು, ನನ್ನ ತವರು. ಹೆಣ್ಣು ಕೂಸು ಹುಟ್ಟಿತ್ತು. ಬಾಣಂತಿ ಕೋಣೆಯ ಕಿಟಕಿಗೆ ಗೋಣಿಚೀಲ, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಲೋಬಾನದ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ. ಕಂಪ್ಯೂಟರಿಗೆ ತಂಪು, ಬಾಣಂತಿಗೆ ಬಿಸಿ, ಅಷ್ಟೇ ವ್ಯತ್ಯಾಸ. ಉಳಿದಂತೆ ಗಾಳಿ ತಾಗಬಾರದು, ಧೂಳು ತಾಗಬಾರದು, ಕಂಡವರು ಒಳಗೆ ಬರಬಾರದು. ಅಕ್ಷರ ನೋಡಿದರೆ ಕಣ್ಣು ಹೋಗುತ್ತದೆಂದು ಅವ್ವ ಕೋಣೆಯಿಂದ ಕ್ಯಾಲೆಂಡರನ್ನೂ ತೆಗೆಸಿದ್ದಳು. ಅತ್ತೆಯವರು ಕೂಸನ್ನು ನೋಡಲು ಬಂದವರು ಇನ್ನೂ ಇದ್ದರು. ತೊಟ್ಟಿಲಿಗೆ ಕಟ್ಟಲು ಕಿನ್ನಾಳದ ಬಣ್ಣದ ಕಟ್ಟಿಗೆ ಗಿಣಿ ತಂದಿದ್ದರು.

ಅವ್ವನ ಬಾಯಿಗೆ ಮಾತ್ರ ಶರಣಮ್ಮ ಎಂಬುದು ಹತ್ತಲೇ ಇಲ್ಲ. ಬೀಗರು ಇದ್ದಾರೆಂದು ನೆನಪಾಗುವಷ್ಟರಲ್ಲಿ, "ಚಂಪಾ, ಅಳವಿ ಪಾಯಸ ಕುಡದ್ಯಾ?", "ಚಂಪಾ, ಕಾಲ ಮುಚ್ಚಿಕೋ" ಎಂದು ಅಡುಗೆಮನೆಯಿಂದ ಕೂಗು ಹೊರಟಾಗಿರುತ್ತಿತ್ತು. ಪ್ರತಿ ಕೂಗಿಗೂ ಅತ್ತೆಯವರು ತೊಟ್ಟಿಲು ತೂಗುವ ಕೈಯನ್ನು ಒಂದು ಗಳಿಗೆ ನಿಲ್ಲಿಸಿ, ಮತ್ತೆ ತೂಗುತ್ತಿದ್ದರು.

ಜೀಪಿನ ಸದ್ದು ಕೇಳಿದ್ದು ಊಟವಾದ ಮೇಲೆ. ಅಂಗಳದಲ್ಲಿ ಗುರುಪಾದಪ್ಪನವರ ದನಿ. ಅತ್ತೆಯವರು ಎದ್ದು ಹೋಗಿ ಕೋಣೆಯ ಹೊಸ್ತಿಲಲ್ಲಿ ನಿಂತರು. ಅವರ ಬೆನ್ನು, ಅದರ ಪಕ್ಕದಲ್ಲಿ ಅಂಗಳದ ಒಂದು ತುಂಡು ಮಾತ್ರ ನನಗೆ ಕಾಣುತ್ತಿತ್ತು.

"ತಂಗೀ ಶರಣಮ್ಮ, ಮಷಿನ್ ಬಾಯಿ ತೆರೀವಲ್ದವ್ವ" ಎಂದು ಅವರು ಹೊರಗಿನಿಂದಲೇ ಫ್ಲಾಪಿಯ ಕಥೆಯನ್ನೆಲ್ಲ ಹೇಳಿದರು. ಕೊನೆಗೆ ದನಿ ಇಳಿಸಿದರು. "ನೀ ಬೇಕಂತ ಕೀಲಿ ಹಾಕಿ ಹೋಗೀದಿ ಅಂತ ಮಾಲಕರು ತಿಳಕೊಂಡಾರ. ಇವತ್ತ ಸಂಜಿಯೊಳಗ ತೆರೀದಿದ್ರ ಆ ಹೆಣ್ಣುಮಗಳು ತಿರುಗಿ ಬರೋದು ಬ್ಯಾಡ ಅಂದಾರ. ಅದೇನು ಶಬ್ದ ಐತಿ, ಹೇಳಿಬಿಡವ್ವ."

ಹೇಳದಿದ್ದರೆ ಮಾಲಕರು ನೌಕರಿ ಬಿಡಿಸುತ್ತಾರೆ. ಹೇಳಿದರೆ ಅತ್ತೆಯವರು ಬಿಡಿಸುತ್ತಾರೆ. ತಾವು ಕೊಟ್ಟ ಹೆಸರನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಇವಳು ದಿನಾ ಒಳಗೆ ಹೋಗುತ್ತಿದ್ದಳು ಎಂದು ತಿಳಿದ ಮೇಲೆ ಯಾವ ಅತ್ತೆ ಸೊಸೆಯನ್ನು ಆ ಬಾಗಿಲಿಗೆ ಮತ್ತೆ ಕಳಿಸುತ್ತಾಳೆ? ಆ ಕೋಣೆ, ಆ ತಂಪು, ತಿಂಗಳಿಗೊಮ್ಮೆ ನನ್ನ ಕೈಗೆ ಬರುವ ಸಂಬಳ, ಎಲ್ಲಕ್ಕಿಂತ ಬೆಳಗಿನ ಆ ಒಂದು ಗಳಿಗೆ. ಯಾವ ಬಾಗಿಲಿನಿಂದ ಹೋದರೂ ಅದು ಹೋಗುವುದೇ.

"ಅತ್ತಿ, ಒಂದು ಚೀಟಿ, ಪೆನ್ನು ಕೊಡ್ರಿ. ಬರದು ಕೊಡತೀನಿ" ಎಂದೆ.

"ಬಾಣಂತಿ ಅಕ್ಷರ ನೋಡಬಾರದು. ಬಾಯಿಲೆ ಹೇಳು, ನಾ ಮುಟ್ಟಸ್ತೀನಿ" ಎಂದರು ಅತ್ತೆ.

ಅಷ್ಟರಲ್ಲಿ ಅಡುಗೆಮನೆಯಿಂದ, "ಚಂಪಾ, ಯಾರು ಬಂದಾರ?" ಎಂದು ಅವ್ವ ಕೂಗಿದಳು.

ಪಾಸ್‌ವರ್ಡು ಅಂಗಳದ ತುಂಬ ಹರಿದಾಡುತ್ತಿತ್ತು. ಅದನ್ನು ಹುಡುಕಿಕೊಂಡು ಜೀಪಿನಲ್ಲಿ ಬಂದವರು ಅದರ ನಡುವೆಯೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. "ಚಂಪಾ ಅಂದ್ರ ಯಾರ್ರಿ?" ಎಂದು ಸುಮ್ಮನೆ ಮಾತಿಗೆ ಕೇಳಿದರು.

"ಯಾರೂ ಇಲ್ರಿ" ಎಂದರು ಅತ್ತೆ.

ಆ ಮಾತು ನನಗೆ ನಾಟಿತು. ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ಅತ್ತೆಯವರ ಮೇಲೆ ಬಂದಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ಆದರೆ ಹಸಿ ಬಾಣಂತಿಯ ಸಿಟ್ಟಿಗೆ ಕಾಲು ಎಲ್ಲಿ? ಭಯವೇ ಗೆದ್ದಿತು. ಭಯದಲ್ಲಿ ಒಂದು ಜಾಣತನವೂ ಹೊಳೆಯಿತು. ಅತ್ತೆಯವರಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಬಿಡಿಬಿಡಿಯಾಗಿ ಹೇಳಿದರೆ ಅವರಿಗೇನು ತಿಳಿಯುತ್ತದೆ?

"ಗುರುಪಾದಪ್ಪನವರ, ಇಂಗ್ಲಿಷಿನ್ಯಾಗ ಹೇಳತೀನಿ, ಒಂದೊಂದ ಬರಕೋರಿ" ಎಂದು ಕೂಗಿದೆ. "ಸಿ."

"ಸಿ" ಎಂದು ಅವರು ಅಂಗೈ ಮೇಲೆ ಬರೆದುಕೊಂಡರು.

"ಎಚ್."

ಅತ್ತೆಯವರ ಬೆನ್ನು ಅಲುಗಲಿಲ್ಲ. ಕೂಸು ನಿದ್ದೆಯಲ್ಲಿ ಮುಲುಗಿತು. ಕೊನೆಯ ಅಕ್ಷರ ಹೇಳಿ ಕಣ್ಣು ಮುಚ್ಚಿದೆ. ಮುಗಿಯಿತು, ಇನ್ನು ಅವರು ಹೋಗಿಬಿಟ್ಟರೆ ಸಾಕು, ಶಿವನೇ, ಜೀಪು ಹತ್ತಿಸು.

ಗುರುಪಾದಪ್ಪನವರು ಹೋಗಲಿಲ್ಲ. ಎಲ್ಲವನ್ನೂ ಎರಡು ಸಲ ಓದಿ ಸರಿ ನೋಡುವುದು ಅವರ ನೌಕರಿಯ ಗುಣ. ಅಂಗೈಯನ್ನು ಬಿಸಿಲಿಗೆ ಹಿಡಿದು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಪೂಜೆಗೆ ನಿಂತಂತೆ ಗಟ್ಟಿಯಾಗಿ ಓದಿದರು. "ಚಂ... ಪಾ. ಚಂಪಾ. ಖರೆ ಐತೇನವ್ವ?"

"ಆಕಿ ಮಲಗ್ಯಾಳ್ರಿ ಅಣ್ಣಾರ, ಏನು ಬೇಕಿತ್ತು?" ಎನ್ನುತ್ತ ಅವ್ವ ಅಡುಗೆಮನೆಯಿಂದ ಹೊರಬಂದಳು.

ಗುರುಪಾದಪ್ಪನವರು ಅವ್ವನನ್ನು ನೋಡಿದರು, ಅಂಗೈ ನೋಡಿಕೊಂಡರು, ಅತ್ತೆಯವರನ್ನು ನೋಡಿದರು. ಆಮೇಲೆ ಕೈ ಮುಷ್ಟಿ ಮಾಡಿ, "ಬರತೀನ್ರಿ" ಎಂದು ಹೇಳಿ, ಕೊಟ್ಟ ನೀರನ್ನೂ ಕುಡಿಯದೆ ಜೀಪು ಹತ್ತಿದರು.

ಅತ್ತೆಯವರು ಒಳಗೆ ಬಂದರು. ಅಗ್ಗಿಷ್ಟಿಕೆಯ ಮುಂದೆ ಕೂತು ಕೆಂಡ ಕೆದಕಿದರು. ಲೋಬಾನ ಹಾಕಿದರು. ಕೂಸಿನ ಬಟ್ಟೆ ಬದಲಿಸಿದರು. ಅವ್ವ ಬಾಗಿಲ ತನಕ ಬಂದು ನನ್ನ ಮುಖ ನೋಡಿ ಅಳುಮೋರೆ ಮಾಡಿಕೊಂಡು ಹಿಂದೆ ಹೋದಳು. ಬಿಸಿಲು ಕಿಟಕಿಯ ಗೋಣಿಚೀಲದಿಂದ ಇಳಿದು ಗೋಡೆಗೆ ಬಂತು. ಬೈದುಬಿಟ್ಟರೆ ಸಾಕೆನಿಸಿತು. ಅತ್ತ ಮಷಿನ್ನು ತೆರೆಯಿತೋ ಇಲ್ಲವೋ, ಅಂಗೈಯ ಬರಹ ಬೆವರಿಗೆ ಅಳಿಸಿತೋ ಏನೋ. ಇತ್ತ ಈ ಬಾಗಿಲೂ ಮುಚ್ಚಿಕೊಂಡೇ ಇತ್ತು.

ದನಗಳು ಮನೆಗೆ ಬರುವ ಹೊತ್ತಿಗೆ ಅವರು ಬಾಯಿಬಿಟ್ಟರು. ಕಣ್ಣು ಕೆಂಡದ ಮೇಲೇ ಇತ್ತು.

"ದಿನಾ ಹೋಗಿ ಮೊದಲ ಅದನ್ನ ಒತ್ತತಿದ್ಯಾ?"

"ಹೌದ್ರಿ ಅತ್ತಿ."

"ಯಾರಿಗೂ ಕಾಣತಿದ್ದಿಲ್ಲ?"

"ಇಲ್ರಿ. ಬರೇ ಚುಕ್ಕಿ ಕಾಣತಾವ."

"ಒತ್ತಿದ್ರ ಅದು ತೆರೀತದ?"

"ತೆರೀತದ್ರಿ."

ಮತ್ತೆ ಸುಮ್ಮನಾದರು. ನಾನು ನೌಕರಿಯ ಆಸೆ ಬಿಟ್ಟೆ. ಆಗ ಅವರು ಎದ್ದು ಕದ ಮುಂದೆ ಮಾಡಿ, ಹೊರಸಿನ ಅಂಚಿಗೆ ಬಂದು ಕೂತರು. ನನ್ನ ಕಿವಿಯ ಹತ್ತಿಯನ್ನು ತಾವೇ ತೆಗೆದರು.

"ಈಗ ಅದು ಅಂಗಳಕ್ಕೆಲ್ಲಾ ಗೊತ್ತಾತು. ಇನ್ನ ಅದರ ಕೀಲಿ ನಡೆಂಗಿಲ್ಲ ಹೌದಿಲ್ಲೋ? ಬ್ಯಾರೆ ಹೆಸರು ಹಾಕಬೇಕಾಗ್ತದ?"

"ಹೂನ್ರಿ."

"ನಂದೂ ಒಂದಿತ್ತು" ಎಂದರು.

ನಾನು ಅವರ ಮುಖ ನೋಡಿದೆ. ಅವರನ್ನೂ ಯಾರೋ ಒಂದು ದಿನ ಅಕ್ಕಿಯ ತಾಟಿನ ಮುಂದೆ ಕೂಡಿಸಿದ್ದಿರಬೇಕು ಎಂಬುದು ಇಷ್ಟು ವರ್ಷ ನನ್ನ ದಡ್ಡ ತಲೆಗೆ ಹೊಳೆದೇ ಇರಲಿಲ್ಲ. ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಬಾಗುತ್ತಾರಲ್ಲ, ಹಾಗೆ ಬಾಗಿದರು. ಆದರೆ ಹೆಸರು ಕೂಡಲೇ ಬರಲಿಲ್ಲ. ತುಟಿ ಅಲುಗಿತು, ನಿಂತಿತು. ಕರೆಯುವವರು ಸತ್ತು ಎಷ್ಟು ಕಾಲವಾಗಿತ್ತೋ. ಮೊದಲ ಅಕ್ಷರಕ್ಕಾಗಿ ತಡಕಾಡಿದರು. ಅದು ಸಿಕ್ಕಿತು ನೋಡಿ, ಉಳಿದದ್ದು ತಾನಾಗಿ ಬಂತು. ಹೇಳಿದವರೇ ನಾಚಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು. ನನಗೆ ಅಳು ಬಂತು. ಬಾಣಂತಿ ಅಳಬಾರದೆಂದು ಗದರಿಸಿ, ಕಿವಿಗೆ ಹತ್ತಿಯನ್ನು ಮೊದಲಿಗಿಂತ ಬಿಗಿಯಾಗಿ ತುರುಕಿದರು.

ಮರುದಿನದ ಮೊದಲ ಬಸ್ಸಿನ ಕಂಡಕ್ಟರು ನಮ್ಮ ಮನೆಯ ಮುಂದೆ ಬಸ್ಸು ನಿಲ್ಲಿಸಿ ಸುದ್ದಿ ಮುಟ್ಟಿಸಿದ. ಮಷಿನ್ ತೆರೆದಿತ್ತು. ಲಾರಿಗಳು ಸಂಜೆಯೇ ಹೋಗಿದ್ದವು. ಮಾಲಕರು ಏನೂ ಹೇಳಿ ಕಳಿಸಿರಲಿಲ್ಲ, ಅವರ ಕಡೆಯಿಂದ ಅದೇ ಕ್ಷಮೆ ಎಂದು ತಿಳಿಯಬೇಕು. ಗುರುಪಾದಪ್ಪನವರು ಮಾತ್ರ ಕೂಸಿಗೆ ಒಂದು ಕುಲಾವಿ ಕಳಿಸಿದ್ದರು. ಕೆಟ್ಟ ಫ್ಲಾಪಿಯನ್ನು ಬಿಸಾಡಲು ಅವರಿಗೆ ಧೈರ್ಯ ಬಾರದೆ, ವಿಭೂತಿ ಹಚ್ಚಿದ್ದನ್ನು ಎಸೆಯಬಾರದೆಂದು ಆಮೇಲೆ ನನ್ನ ಕೈಗೇ ಕೊಟ್ಟರು. ಅದೇ ಈಗ ಟ್ರಂಕಿನಲ್ಲಿದೆ.

ಬಾಣಂತನ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಪಾಸ್‌ವರ್ಡು ಬದಲಿಸಿದೆ. ಸಂಜೆ ಮನೆಗೆ ಬಂದರೆ ಅತ್ತೆಯವರು ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕಟ್ಟೆಯಲ್ಲಿ ಕೂತಿದ್ದರು. ಬೇರೆ ಯಾರೂ ಇಲ್ಲವೆಂದು ನೋಡಿಕೊಂಡು, "ಇವತ್ತ ಕರದ್ಯೇನು?" ಎಂದು ಮೆಲ್ಲಗೆ ಕೇಳಿದರು.

"ಕರದ್ನಿರಿ."

"ಓ ಅಂತೇನು?"

"ಓ ಅಂತ್ರಿ. ಬಾಗಿಲ ತೆರೀತು."

ಅವರು ತಲೆಯಾಡಿಸಿ ಕೂಸಿನ ಬೆನ್ನು ಸವರಿದರು. ನಾನು ಕಂಪನಿಯಲ್ಲಿದ್ದಷ್ಟು ಕಾಲ ಸಂಜೆಯ ಈ ಪ್ರಶ್ನೆ ತಪ್ಪಲಿಲ್ಲ. ಜ್ವರ ಬಂದು ನಾನು ಹೋಗದ ದಿನ ಅವರ ಮುಖ ಸಪ್ಪಗಿರುತ್ತಿತ್ತು.

ಈಗ ಅವರಿಲ್ಲ. ಅವರ ಫೋಟೋದ ಕೆಳಗೆ ತಾಟಿನಲ್ಲಿ ಬರೆಸಿದ ಹೆಸರೇ ಇದೆ. ಮಕ್ಕಳಿಗೂ ಗೊತ್ತಿರುವುದು ಅದೊಂದೇ. ನನ್ನ ಫೋನು, ಬ್ಯಾಂಕು, ಕರೆಂಟ್ ಬಿಲ್ಲು, ಯಾವುದು ಬಾಗಿಲು ಹಾಕಿಕೊಂಡು ಕೇಳಿದರೂ ನಾನು ಒಂದು ದೊಡ್ಡ ಅಕ್ಷರ, ಒಂದು ಅಂಕಿ ಸೇರಿಸಿ ಆ ಇನ್ನೊಂದನ್ನೇ ಒತ್ತುತ್ತೇನೆ. ಎಲ್ಲದಕ್ಕೂ ಒಂದೇ ಇಡಬಾರದು ಎಂದು ಮೊಮ್ಮಗಳು ಉಪದೇಶ ಮಾಡುತ್ತಾಳೆ. ಮೊನ್ನೆ ಈ ಕಥೆ ಕೇಳಿ ಕೊರಳಿಗೆ ಜೋತುಬಿದ್ದು, ಮುತ್ತಜ್ಜಿಯ ಹೆಸರು ನನಗೊಬ್ಬಳಿಗೇ ಹೇಳು ಎಂದು ಗೋಗರೆದಳು. ಹೇಳಲಿಲ್ಲ. ನಿಮಗೂ ಹೇಳುವ ಹಾಗಿಲ್ಲ. ಅದು ಇನ್ನೂ ಬಳಕೆಯಲ್ಲಿದೆ.